ಊರೆಲ್ಲ ಕುಣಿದ ನನ್ನ ಬಲಗಾಲು

ಕೆಲವರಿಗೆ ನಾಲಿಗೆ ಹಿಡಿತದಲ್ಲಿ ಇರುವುದಿಲ್ಲ, ಕೆಲವರಿಗೆ ಕೈ. ನನಗೆ ಬಲಗಾಲು. ಇದನ್ನು ನಾನು ಈವರೆಗೆ ಯಾವ ಡಾಕ್ಟರರ ಮುಂದೆಯೂ ಹೇಳಿಕೊಂಡಿಲ್ಲ, ಹೇಳಿದರೆ ಔಷಧಿ ಬರೆಯುವ ಮೊದಲು ಅವರು ನಕ್ಕುಬಿಡುತ್ತಾರೆ ಎಂಬ ಅಂಜಿಕೆ. ಕಾಯಿಲೆ ಇಷ್ಟೇ: ಹೊಸ್ತಿಲ ಹತ್ತಿರ ಯಾರಾದರೂ ನೀರು ಹಿಡಿದುಕೊಂಡು ಬಗ್ಗಿದರೆ ಸಾಕು, ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳದೆ ಮುಂದಕ್ಕೆ ಹೋಗಿಬಿಡುತ್ತದೆ. ಅದರ ತಪ್ಪೂ ಅಲ್ಲ ಅನ್ನಿ. ನಾವು ಜಂಗಮರು. ಮನೆ ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ, ಕೆಲಸ ಸುತ್ತಲಿನ ಹಳ್ಳಿಗಳ ಭಕ್ತರ ಮನೆಗಳಲ್ಲಿ. ಮದುವೆಯಿರಲಿ, ತೊಟ್ಟಿಲಿರಲಿ, ಹೊಸ ಟ್ರ್ಯಾಕ್ಟರಿಗೆ ಪೂಜೆಯಿರಲಿ, ಅಯ್ಯನವರು ಬಾಗಿಲಿಗೆ ಬಂದರೆಂದರೆ ಮನೆಯ ಹಿರಿಯರು ತಂಬಿಗೆ ತುಂಬ ನೀರು ತಂದು ಪಾದ ತೊಳೆದು, ಒದ್ದೆ ಬೆರಳನ್ನು ಕಣ್ಣಿಗೆ ಒತ್ತಿಕೊಂಡು, ಆಮೇಲೆಯೇ ಒಳಗೆ ಕರೆಯುವುದು. ಹೀಗೆ ಜೀವಮಾನವೆಲ್ಲ ತೊಳೆಸಿಕೊಂಡ ಕಾಲಿಗೆ ನೀರು ಕಂಡರೆ ಸುಮ್ಮನೆ ಇರು ಎಂದು ಯಾರು ಕಲಿಸಬೇಕು?

ಕಲಿಸಿದವರು ನಮ್ಮ ತಂದೆ, ಅದೂ ಉಲ್ಟಾ ದಿಕ್ಕಿನಲ್ಲಿ. ಚಿಕ್ಕವನಿದ್ದಾಗ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಅವರು ಮಂತ್ರಕ್ಕಿಂತ ಹೆಚ್ಚಾಗಿ ಕಾಲಿನ ಪಾಠವನ್ನೇ ಹೇಳುತ್ತಿದ್ದರು. ಬೇಗ ಮುಂದಿಟ್ಟರೆ ಆಸೆಬುರುಕನ ಹಾಗೆ ಕಾಣುತ್ತದೆ, ತಡ ಮಾಡಿದರೆ ತಂಬಿಗೆ ಹಿಡಿದ ಮುದುಕಿಗೆ ಸೊಂಟ ನೋಯುತ್ತದೆ. ಧೋತರದ ಅಂಚನ್ನು ಎರಡು ಬೆರಳಲ್ಲಿ ಮಾತ್ರ ಎತ್ತಬೇಕು. ತೊಳೆಯುವವರನ್ನು ನೋಡಬಾರದು, ಬಾಗಿಲ ಮೇಲಿನ ತೋರಣ ನೋಡಬೇಕು. ಕೊನೆಗೆ ಒಂದು ಮಾತು: "ಕಾಲ ಚಾಚಬ್ಯಾಡೋ ತಮ್ಮಾ, ಕಾಲ ಕೊಡು." ಚಾಚುವುದಕ್ಕೂ ಕೊಡುವುದಕ್ಕೂ ಏನು ಫರಕು ಎಂದು ತಿಳಿಯುವಷ್ಟರಲ್ಲಿ ನನ್ನ ತಲೆಯ ಕೂದಲು ಅರ್ಧ ಉದುರಿತ್ತು, ಆದರೆ ಕಾಲು ಮಾತ್ರ ಪಾಠವನ್ನು ಚಾಚೂ ತಪ್ಪದೆ ಕಲಿತುಬಿಟ್ಟಿತು. ಎಷ್ಟು ಕಲಿಯಿತೆಂದರೆ, ಒಮ್ಮೆ ಉಮರ್ಗಾದ ಒಂದು ಬ್ಯಾಂಕಿನಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿನ ಮುಂದೆ ಪಾದ ಕೊಟ್ಟು ನಿಂತಿದ್ದೆ. ಆಕೆ ನನ್ನ ಕಾಲನ್ನು ಒರೆಸದೆ ಅದರ ಸುತ್ತ ನೆಲ ಒರೆಸಿಕೊಂಡು ಹೋದಳು. ಹೆದ್ದಾರಿಯ ಪಕ್ಕ ಮೋಟಾರ್ ಸೈಕಲ್ ತೊಳೆಸಲು ಹೋದಾಗ ನಡೆದದ್ದನ್ನು ಹೇಳುವುದಿಲ್ಲ. ಗಾಡಿಗಿಂತ ಹೆಚ್ಚು ನಾನೇ ಸ್ವಚ್ಛವಾಗಿ ಮನೆಗೆ ಬಂದೆ.

ಇಂಥ ಕಾಲನ್ನು ಇಟ್ಟುಕೊಂಡವನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಡಬೇಕಿತ್ತು. ಆದರೆ ಈಚೆಗೆ ಒಂದು ದಿನ ಧ್ವನಿವರ್ಧಕ ಕಟ್ಟಿಕೊಂಡ ಆಟೋ ಒಂದು ನಮ್ಮ ಗಲ್ಲಿಗೆ ಬಂತು. ಲಸಿಕೆಯ ಡೋಸು ಹಾಕಿಸಿಕೊಳ್ಳಲು ಕರೆಯುತ್ತಿದ್ದಾರೋ ಏನೋ ಎಂದುಕೊಂಡು ನಾನು ಒಳಗೆ ಸರಿದೆ. ಹಾಗಲ್ಲವಂತೆ. ಪುಣೆಯಿಂದ ನೃತ್ಯದವರು ಬಂದಿದ್ದಾರೆ, ಅವರು ಕುಣಿಯುವುದಿಲ್ಲ, ನಮ್ಮನ್ನು ಕುಣಿಸುತ್ತಾರೆ. ಅದೂ ಸ್ಟೇಜಿನ ಮೇಲಲ್ಲ, ಬಸ್ ಸ್ಟ್ಯಾಂಡಿನಲ್ಲಿ, ಬಜಾರಿನಲ್ಲಿ. ಉಮರ್ಗಾ, ನಿಲಂಗಾ, ಉದಗೀರ ಮೂರೂ ಊರಿನ ಮಂದಿ ಒಂದೇ ಕುಣಿತ ಕಲಿತು ಕೊನೆಗೆ ಉದಗೀರದ ಕೋಟೆಯ ಮುಂದೆ ಕೂಡಿ ಕುಣಿಯಬೇಕು, ಅದರಿಂದ ಊರೂರಿನ ನಡುವೆ ಸ್ನೇಹ ಬೆಳೆಯಬೇಕು. ಇದನ್ನು ಕೇಳಿ ನನಗೆ ನಗು ಬಂತು. ಈ ಮೂರು ಊರಿನವರು ಹೆಣ್ಣು ಕೊಟ್ಟು ಹೆಣ್ಣು ತಂದು, ಜಗಳವಾಡಿ, ಅದೇ ಬಸ್ಸಿನಲ್ಲಿ ಸೀಟಿಗೆ ಟವೆಲು ಹಾಕಿ ಒಬ್ಬರಿಗೊಬ್ಬರು ಎಷ್ಟು ಪರಿಚಯವಾಗಿದ್ದಾರೆಂದರೆ, ಇನ್ನು ಸ್ವಲ್ಪ ಅಪರಿಚಯ ಬೆಳೆಸಿದರೇ ಒಳ್ಳೆಯದು. ಆಟೋದವನು ಮರಾಠಿಯಲ್ಲಿ ಇನ್ನೊಂದು ಮಾತು ಕೂಗುತ್ತಿದ್ದ: ಕುಣಿಯಲು ಬರಬೇಕೆಂದೇನಿಲ್ಲ, ದಿನಾ ನಿಮ್ಮ ಮೈ ಮಾಡುವ ಒಂದು ಹಾಲಚಾಲ್, ಅಂದರೆ ಒಂದು ಚಲನೆ, ತನ್ನಿ ಸಾಕು, ಅದರಿಂದಲೇ ಕುಣಿತ ಕಟ್ಟುತ್ತೇವೆ.

ಸಾಯಂಕಾಲ ಪೂಜೆ ಮುಗಿಸಿ ಬಂದು ನೋಡಿದರೆ ಮನೆಗೆ ಬೀಗ. ಪಕ್ಕದ ಮನೆಯವರು, ನಿಮ್ಮಾಕಿ ಕುಣಿಲಾಕ ಹೋಗ್ಯಾಳ ಎಂದು, ಹಿಟ್ಟು ಬೀಸಿಸಲು ಹೋಗಿದ್ದಾಳೆ ಎಂಬಷ್ಟೇ ಸಹಜವಾಗಿ ಹೇಳಿದರು. ನನ್ನ ಹೆಂಡತಿ ಕಲಾವತಿ ಮದುವೆಯಾದಾಗಿನಿಂದ ಜೋರಾಗಿ ನಡೆದದ್ದನ್ನೂ ನಾನು ಕಂಡವನಲ್ಲ. ಅಯ್ಯನವರ ಮನೆಯ ಹೆಂಗಸು ಊರ ನಡುವೆ ಕುಣಿದರೆ ನಾಳೆ ನನ್ನನ್ನು ಯಾರು ಒಳಗೆ ಕರೆಯುತ್ತಾರೆ? ಗಟ್ಟಿಯಾಗಿ ನಾಲ್ಕು ಮಾತು ಹೇಳಿ ಬೀಗದ ಕೈಯನ್ನೂ ಹೆಂಡತಿಯನ್ನೂ ಕೂಡಿಯೇ ಕರೆತರಬೇಕೆಂದು, ಹೇಳುವ ಮಾತುಗಳನ್ನು ಬಾಯಲ್ಲೇ ಮಡಚಿಟ್ಟುಕೊಂಡು, ತಾಲೀಮು ನಡೆದಿದ್ದ ಸಮಾಜ ಮಂದಿರಕ್ಕೆ ದಡದಡ ನಡೆದೆ.

ಅಲ್ಲಿ ಬಾಗಿಲಲ್ಲೇ ನನ್ನ ಗ್ರಹಚಾರ ಕುಳಿತಿತ್ತು. ಒಳಗೆ ಹೊಸ ಚಾಪೆ ಹಾಸಿದ್ದರು. ಅದು ಮಣ್ಣಾಗಬಾರದೆಂದು ಒಬ್ಬ ಹುಡುಗಿ ಪಕ್ಕದಲ್ಲಿ ಬಕೀಟು ಇಟ್ಟುಕೊಂಡು, ಕೈಯಲ್ಲಿ ನೀರಿನ ಮಗ್ಗು ಹಿಡಿದು, ಬಗ್ಗಿ ಹೊಸ್ತಿಲು ತೊಳೆಯುತ್ತಿದ್ದಳು. ಆಕೆಯೇ ಈ ಕುಣಿತದ ಗುರು, ಹೆಸರು ಮೃಣಾಲ್ ಎಂಬುದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಕಂಡದ್ದು ಮೂರೇ: ಹೊಸ್ತಿಲು, ನೀರು, ಬಗ್ಗಿದ ತಲೆ. ಮುಂದಿನದನ್ನು ನಾನು ಮಾಡಲಿಲ್ಲ, ಆಯಿತು. ಚಪ್ಪಲಿ ತಾನೇ ಕಳಚಿತು. ಎರಡು ಬೆರಳು ಧೋತರ ಎತ್ತಿದವು. ಬಲಗಾಲು ಹೋಗಿ ಆಕೆಯ ಮಗ್ಗಿನ ಮುಂದೆ ನಿಂತಿತು. ಕಣ್ಣು ತೋರಣ ಹುಡುಕಿಕೊಂಡು ಮೇಲೆ ಹೋಯಿತು, ಅಲ್ಲಿ ತೋರಣವಿರಲಿಲ್ಲ, ಟ್ಯೂಬ್ ಲೈಟಿತ್ತು. ಅದನ್ನೇ ಭಕ್ತಿಯಿಂದ ನೋಡುತ್ತ ನಿಂತೆ. ನೀರು ಬೀಳಲಿಲ್ಲ. ಒಳಗಿನ ಗಲಾಟೆ ನಿಂತುಹೋಯಿತು. ಇನ್ನೂ ನೀರು ಬೀಳಲಿಲ್ಲ. ಆಗ ಕಣ್ಣು ಕೆಳಗಿಳಿಸಿದೆ. ಆ ಹುಡುಗಿ ಮಗ್ಗು ಹಿಡಿದವಳು ಹಾಗೆಯೇ ನನ್ನ ಪಾದವನ್ನು ಬೆರಗಿನಿಂದ ನೋಡುತ್ತಿದ್ದಾಳೆ, ಆಕೆಯ ಹಿಂದೆ ಗಲ್ಲಿಯ ಹೆಂಗಸರು, ಟೇಲರು, ಆಟೋದವರು, ಎಲ್ಲರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಕಲಾವತಿ. ಕಾಯ್ದ ಹಂಚು ಮುಟ್ಟಿದವನ ಹಾಗೆ ಕಾಲು ಹಿಂದಕ್ಕೆಳೆದುಕೊಂಡೆ. ಅಷ್ಟಕ್ಕೆ ಆ ಹುಡುಗಿ ಚಪ್ಪಾಳೆ ತಟ್ಟಿಬಿಡಬೇಕೇ?

"ಕಾಕಾ, ಖೂಪ್ ಛಾನ್," ಎಂದಳು. "ಪುನ್ಹಾ ಏಕದಾ."

ಬಹಳ ಚಂದ, ಇನ್ನೊಮ್ಮೆ ಮಾಡಿ ಎಂದರ್ಥ. ನಾನು ನನ್ನ ಹಾಲಚಾಲ್ ಕೊಡಲು ಬಂದೆನೆಂದು ಆಕೆ ತಿಳಿದಿದ್ದಳು. ಅಷ್ಟೇ ಅಲ್ಲ, ಬಂದವರೆಲ್ಲ ಏನು ತೋರಿಸಲಿ ಎಂದು ನಾಚಿಕೊಂಡು ನಿಂತಿದ್ದರೆ ಈ ಕಾಕಾ ಮಾತೇ ಆಡದೆ ಬಾಗಿಲಲ್ಲೇ ಶುರು ಮಾಡಿದರು ಎಂದು ಎಲ್ಲರಿಗೂ ತೋರಿಸಿ ಹೊಗಳಿದಳು. ಮಡಚಿಟ್ಟುಕೊಂಡ ನಾಲ್ಕು ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬೀಗದ ಕೈಯನ್ನೂ ಕೇಳದೆ ಹಿಂದಿರುಗಿ ಬಂದು ಸ್ವಂತ ಮನೆಯ ಕಟ್ಟೆಯ ಮೇಲೆ ಪರದೇಶಿಯ ಹಾಗೆ ಕುಳಿತೆ. ಆಮೇಲೆ ಬಂದ ಕಲಾವತಿ ಬೀಗ ತೆಗೆಯುತ್ತ, ಅಡುಗೆ ತಡವಾಗುತ್ತದೆ ಎಂದಳೇ ಹೊರತು ಬೇರೆ ಒಂದು ಮಾತೂ ಆಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಮೀಸೆಗೆ ಮಣ್ಣು ಹತ್ತಿದ್ದು ಕೆಲವು ದಿನಗಳ ಮೇಲೆ ನಿಲಂಗಾದಲ್ಲಿ ಗೊತ್ತಾಯಿತು. ಸಂಬಂಧಿಕರ ಮನೆಯ ತೊಟ್ಟಿಲು ಮುಗಿಸಿಕೊಂಡು ಊರಿಗೆ ಮರಳಲು ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಹಲಗೆ ಬಾರಿಸುವ ಸದ್ದು, ಸುತ್ತ ಮಂದಿ. ಹೊಟ್ಟೆ ತುಂಬ ಹೋಳಿಗೆಯಿತ್ತು, ಬಸ್ಸು ಬಂದಿರಲಿಲ್ಲ, ನಾನೂ ಇಣುಕಿದೆ. ನಿಲಂಗಾದ ಮಂದಿ ಸಾಲಾಗಿ ನಿಂತು ಕುಣಿಯುತ್ತಿದ್ದರು. ಕಾಲೇಜಿನ ಹುಡುಗಿಯರು, ಬಾಳೆಹಣ್ಣು ಮಾರುವವರು, ಒಬ್ಬ ಕಂಡಕ್ಟರ್ ಬೇರೆ. ಮೊದಲು ರೊಟ್ಟಿ ಬಡಿದರು. ಮೊರದಲ್ಲಿ ತೊಗರಿ ಕೇರಿದರು. ಆಮೇಲೆ ಎಲ್ಲರೂ ಶೇರ್ ಆಟೋದ ಡ್ರೈವರರಂತೆ ಅರ್ಧ ಕುಂಡೆ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿಟ್ಟುಕೊಂಡು ಗಾಡಿ ಓಡಿಸಿದರು. ನನಗೂ ಬಹಳ ಖುಷಿಯಾಯಿತು, ತಲೆ ಕೂಡ ತೂಗಿದೆ. ಅಷ್ಟರಲ್ಲಿ ಹಲಗೆ ನಿಂತಿತು. ಸಾಲಿಗೆ ಸಾಲೇ ಚಪ್ಪಲಿ ಕಳಚಿದ ಹಾಗೆ ಕಾಲು ಜಾಡಿಸಿತು. ಎರಡು ಬೆರಳು, ಇಲ್ಲದ ಧೋತರ, ಮುಂದೆ ಬಂದ ಬಲಗಾಲು, ಮೇಲಕ್ಕೆ ಹೋದ ಕಣ್ಣು.

ನಾನು ಗರ ಬಡಿದವನಂತೆ ನಿಂತುಬಿಟ್ಟೆ. ಮನುಷ್ಯನಿಗೆ ಕನ್ನಡಿಯಲ್ಲಿ ಮುಖ ನೋಡಿಕೊಂಡು ಅಭ್ಯಾಸ, ತನ್ನ ಕಾಲು ಇಷ್ಟೊಂದು ಜನರಿಗೆ ಹುಟ್ಟಿಕೊಂಡದ್ದನ್ನು ನೋಡಿ ಅಭ್ಯಾಸವಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೂ ಮುಂದಿತ್ತು. ಹಿಂದಿನ ಸಾಲಿನ ಹೆಂಗಸರು ನೀರು ತರುವವರಂತೆ ಬಂದರು, ಕೊಟ್ಟು ನಿಂತ ಪಾದಗಳನ್ನು ನೋಡಿದರು, ಸೆರಗಿಗೆ ಕೈ ಒರೆಸಿಕೊಂಡರು, ಹೊರಟುಹೋದರು. ಕಾಲುಗಳು ಅಲ್ಲೇ ಉಳಿದವು. ಸ್ವಲ್ಪ ಹೊತ್ತು ಕಾದು, ಹಂಚು ಮುಟ್ಟಿದ ಹಾಗೆ ಸರಕ್ಕನೆ ಹಿಂದೆ ಬಂದವು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಕ್ಕಿತು. ಆ ಸೆರಗಿಗೆ ಕೈ ಒರೆಸುವ ರೀತಿ ನನಗೆ ಚೆನ್ನಾಗಿ ಗೊತ್ತು. ಮೊದಲು ಅಂಗೈ, ಆಮೇಲೆ ಹಿಂಗೈ, ಕೊನೆಗೆ ಒಂದು ಜಾಡಿಕೆ. ನನ್ನ ಜೊತೆ ವಾದ ಬೇಡವೆಂದು ಅನ್ನಿಸಿದಾಗಲೆಲ್ಲ ಕಲಾವತಿ ಹಾಗೆಯೇ ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗುತ್ತಾಳೆ. ನಮ್ಮಿಬ್ಬರ ಸಂಸಾರವನ್ನು ಹಲಗೆ ಬಾರಿಸಿ ಕುಣಿಯುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಒಬ್ಬ ಗೃಹಸ್ಥ ನನ್ನ ಮುಖ ನೋಡಿ, ಪಾಪ, ಇವರಿಗೆ ತಿಳಿಯಲಿಲ್ಲ ಎಂದುಕೊಂಡಿರಬೇಕು. ಇದು ಸ್ವಾಮಿ ಸ್ಟೆಪ್, ಉಮರ್ಗಾದಿಂದ ಬಂದದ್ದು, ಇಡೀ ಕುಣಿತದಲ್ಲಿ ಇದೇ ಅಸಲಿ ಎಂದು ಮರಾಠಿಯಲ್ಲಿ ವಿವರಿಸಿದ. ಕೈಯಲ್ಲಿದ್ದ ಚೀಲ ಕೆಳಗಿಟ್ಟು ತಾನೇ ಮಾಡಿ ತೋರಿಸಿದ. ನೀವೂ ಮಾಡಿ ಎಂದ. ಬೇಡವೆಂದರೆ ಗುರುತು ಸಿಕ್ಕೀತು ಎಂದು ಹೆದರಿ ಮಾಡಿದೆ. ಆತ ತಲೆಯಾಡಿಸಿದ. ಬರುವುದಿಲ್ಲ ನಿಮಗೆ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು, ಆಗಲೇ ಸ್ವಾಮಿಯ ಹಾಗೆ ಕಾಣುತ್ತದೆ ಎಂದ. ದೇವರೇ, ನನ್ನ ಕಾಲನ್ನು ನನಗೇ ಕಲಿಸಲು ನಿಲಂಗಾದಲ್ಲಿ ಮಾಸ್ತರರು ತಯಾರಾಗಿದ್ದರು. ಬಸ್ಸಿನಲ್ಲಿ ಉಮರ್ಗಾದವರೆಗೂ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕುಳಿತೆ.

ಮನೆಗೆ ಬಂದವನು ಸಿಟ್ಟಿನಲ್ಲಿ, ನನ್ನ ಪಾದವನ್ನು ಊರೂರಿಗೆ ಹಂಚಿಬಿಟ್ಟಿಯಲ್ಲ ಎಂದು ಕಲಾವತಿಯನ್ನು ಕೇಳಿದೆ. ನಾಡಿದ್ದು ನಮ್ಮೂರ ಬಜಾರಿನಲ್ಲಿ ಇದೇ ಕುಣಿತ. ಅದಾದ ಮರುದಿನವೇ ದಾಳಿಂಬ ಎಂಬ ಹಳ್ಳಿಯಲ್ಲಿ ಪಾಟೀಲರ ಹೊಸ ಮನೆಯ ಗೃಹಪ್ರವೇಶ. ಅದು ನಮ್ಮ ಅಜ್ಜನ ಕಾಲದಿಂದ ಪಾದ ತೊಳೆದ ಮನೆತನ. ಅಲ್ಲಿ ನೂರು ಜನರ ಎದುರು ನಾನು ಕಾಲು ಕೊಟ್ಟಾಗ ಯಾರಾದರೂ ಕಿಸಕ್ಕೆಂದರೆ? ತಂಬಿಗೆ ಹಿಡಿದವರೇ ನಕ್ಕರೆ? ನಕ್ಕ ಬಾಯಿಂದ ಮತ್ತೆ ಅಯ್ನೋರೇ ಎಂದು ಭಕ್ತಿಯಿಂದ ಕರೆಯುವುದು ಆಗುವ ಮಾತೇ? ನಮ್ಮ ಕೆಲಸವೆಲ್ಲ ನಿಂತಿರುವುದು ಮಂತ್ರದ ಮೇಲಲ್ಲ, ಈ ಕಾಲಿನ ಮೇಲೆ. ಇಷ್ಟನ್ನೂ ಹೇಳಿದೆ. ಆಕೆ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

"ನೀವೇ ಕೊಟ್ಟೀರಿ," ಎಂದಳು. "ನಾ ಏನ ನಿಮ್ಮ ಕಾಲ ಹಿಡದು ಎಳಕೊಂಡ ಹೋಗಿದ್ದೆನೇನು?"

ಮತ್ತೆ, ಅಂಗೈ, ಹಿಂಗೈ, ಜಾಡಿಕೆ. ಅಡುಗೆಮನೆ.

ಮರುದಿನ ಬೆಳಿಗ್ಗೆ ನೇರ ಮೃಣಾಲಳ ಹತ್ತಿರ ಹೋಗಿ ನಿಜ ಹೇಳಿದೆ. ಅದು ಕುಣಿತವಲ್ಲ ತಾಯಿ, ನೀರು ಹಾಕುತ್ತೀ ಎಂದು ಕೊಟ್ಟ ಪಾದ. ಕೇಳಿ ಆಕೆಯ ಮುಖ ಬಿಳಿಚಿಕೊಂಡಿತು. ಗೊತ್ತಿರಲಿಲ್ಲ ಕಾಕಾ ಎಂದು ಕೈ ಮುಗಿದು, ಈಗಲೇ ತೆಗೆದುಬಿಡುತ್ತೇನೆ ಎಂದಳು. ತಾಲೀಮಿಗೆ ಬಂದವರಿಗೆ ಹೇಳಿದಾಗ ಆಟೋದವನೊಬ್ಬ ಬೇಕಾದರೆ ತನ್ನ ಸೀಟನ್ನು ತೆಗೆಯಿರಿ, ಅಯ್ನೋರ ಕಾಲು ತೆಗೆಯಬೇಡಿ ಎಂದು ತಕರಾರು ಮಾಡಿದ. ಆಕೆ ಕೇಳಲಿಲ್ಲ. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ನನ್ನ ಸ್ಟೆಪ್ಪಿಲ್ಲದ ಕುಣಿತ ತೋರಿಸಿದಳು. ರೊಟ್ಟಿಯಾಯಿತು, ತೊಗರಿಯಾಯಿತು, ಆಟೋ ಆಯಿತು. ಹಲಗೆ ನಿಂತ ಜಾಗಕ್ಕೆ ಬಂದಾಗ ಎಲ್ಲರೂ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತರು. ಒಬ್ಬ ತಲೆ ಕೆರೆದುಕೊಂಡ. ಕಲಾವತಿ ಒರೆಸಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಕುಣಿತ ಉಪ್ಪಿಲ್ಲದ ಸಾರಿನಂತಾಗಿತ್ತು, ಅದು ನನಗೇ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಆಗ ನನ್ನ ಬಾಯಿಂದ ಬಂದ ಮಾತು ಕೇಳಿ ನಾನೇ ಹೌಹಾರಿದೆ. ಇರಲಿ ಬಿಡಮ್ಮ, ಇದ್ದರೆ ಇರಲಿ ಎಂದುಬಿಟ್ಟೆ. ಕುಣಿಯುವವರೆಲ್ಲ ಹೋ ಎಂದರು. ಹಾಗಾದರೆ ಉದಗೀರದಲ್ಲಿ ನೀವೇ ಮುಂದಿನ ಸಾಲಿನಲ್ಲಿ ನಿಲ್ಲಬೇಕು ಎಂದಳು ಮೃಣಾಲ್. ಅದಾಗದು, ಜನ್ಮದಲ್ಲೂ ಆಗದು ಎಂದು ಎದ್ದು ಬಂದೆ. ಗಾಳಿಯಲ್ಲಿ ಹೋಗುವ ಮಾರಿಯನ್ನು ಕೈಹಿಡಿದು ಮನೆಗೆ ಕರೆತಂದವನು ನಾನೇ ಎಂಬುದು ಮನೆ ಮುಟ್ಟಿದ ಮೇಲೆ ಹೊಳೆಯಿತು.

ಬಜಾರಿನ ಕುಣಿತಕ್ಕೆ ನಾನು ಹೋಗಲಿಲ್ಲ. ಪರಿಚಯದವರ ಬಟ್ಟೆ ಅಂಗಡಿಯ ಮಾಳಿಗೆಯ ಕಿಟಕಿಯಿಂದ ನೋಡಿದೆ, ಅದನ್ನು ಹೋಗುವುದು ಎನ್ನುವುದಿಲ್ಲ. ಈ ಸಲ ಕಲಾವತಿ ಕಾಲು ಕೊಡುವ ಮುಂದಿನ ಸಾಲಿನಲ್ಲಿದ್ದಳು. ನೋಡುವವರ ನಡುವೆ ದಾಳಿಂಬದ ಪಾಟೀಲರ ಮನೆಯ ಹಿರಿಯಾಕಿ ಶೇವಂತಾಬಾಯಿ, ಮೊಮ್ಮಗಳನ್ನು ಕರೆದುಕೊಂಡು ಬಂದು, ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದರು. ನಾಳೆ ನನ್ನ ಪಾದ ತೊಳೆಯಬೇಕಾದವರು ಅವರೇ. ಅಷ್ಟರಲ್ಲಿ ಹಲಗೆ ನಿಂತಿತು, ಬಜಾರಿಗೆ ಬಜಾರೇ ಕಾಲು ಮುಂದಿಟ್ಟಿತು, ಮಾಳಿಗೆಯ ಮೇಲೆ ನನ್ನದೂ ಹೋಯಿತು. ಮುಂದಿದ್ದ ಸ್ಟೂಲು ಉರುಳಿ, ಅದರ ಮೇಲಿದ್ದ ಬ್ಲೌಸ್ ಪೀಸುಗಳೆಲ್ಲ ಚೆಲ್ಲಾಪಿಲ್ಲಿಯಾದವು.

ಮರುದಿನ ದಾಳಿಂಬ. ಹೊಸ ಮನೆ, ಹೊಸ ಬಣ್ಣ, ಬಾಗಿಲಿಗೆ ಹಸಿ ತೋರಣ. ಅಂಗಳದ ತುಂಬ ಬೀಗರು ಬಿಜ್ಜರು. ಅವರಲ್ಲಿ ಅರ್ಧಕ್ಕರ್ಧ ಮಂದಿ ನಿನ್ನೆ ಬಜಾರಿನಲ್ಲಿದ್ದವರು ಎಂಬುದು ನನ್ನನ್ನು ಕಂಡ ಕೂಡಲೇ ಅವರ ಕಣ್ಣು ನನ್ನ ಮುಖ ಬಿಟ್ಟು ಕೆಳಗೆ ಇಳಿದದ್ದರಲ್ಲೇ ತಿಳಿಯಿತು. ಶೇವಂತಾಬಾಯಿ ತಂಬಿಗೆ ಹಿಡಿದು ಹೊಸ್ತಿಲ ಹತ್ತಿರ ಬಂದು ಬಗ್ಗಿದರು. ಆ ದಿನ ನನ್ನ ಜನ್ಮದಲ್ಲೇ ಮೊದಲ ಸಲ ಬಲಗಾಲು ನನ್ನ ಮಾತು ಕೇಳಿತು. ಕೇಳಿದ್ದೇ ತಪ್ಪಾಯಿತು. ಎರಡೂ ಪಾದ ಜೋಡಿಸಿ, ಶಾಲೆಯಲ್ಲಿ ಝಂಡಾ ವಂದನೆಗೆ ನಿಂತವನಂತೆ ನಿಂತುಬಿಟ್ಟೆ. ಬಿಸಿಲು ಚುರುಗುಟ್ಟುತ್ತಿತ್ತು. ಶೇವಂತಾಬಾಯಿ ಕಾದರು. ಮಂದಿ ಕಾದರು. ಆಮೇಲೆ ಆಕೆ ತಂಬಿಗೆಯನ್ನು ಎಡಗೈಗೆ ತೆಗೆದುಕೊಂಡು, ಒದ್ದೆಯಾಗಿದ್ದ ಬಲಗೈಯನ್ನು ಸೆರಗಿಗೆ ಒರೆಸಿಕೊಂಡರು.

ಮುಗಿಯಿತು, ಇನ್ನು ಹೊರಟುಹೋಗುತ್ತಾರೆ, ನನ್ನ ಅಜ್ಜ, ಅಪ್ಪ, ನಾನು, ಮೂವರೂ ಈ ಬಿಸಿಲಲ್ಲೇ ಉಳಿಯುತ್ತೇವೆ ಎನ್ನಿಸಿತು. ಆಕೆ ಹೋಗಲಿಲ್ಲ. ತಲೆಯೆತ್ತಿ ನೋಡಿದರು.

"ಯಾಕ್ರಿ ಅಯ್ನೋರ, ಕಾಲ ಯಾಕ ಕೊಡವಲ್ರಿ?"

"ನೀವೆಲ್ಲ ನಗತೀರಿ," ಎಂದೆ.

"ನಿನ್ನಿ ನಕ್ಕೀವಲ್ರಿ, ಭಾಳ ನಕ್ಕೀವಿ. ನಗೂದು ಬ್ಯಾರೆ, ತೊಳಿಯೂದು ಬ್ಯಾರೆ. ನಂದು ಸೊಂಟ ಹಿಡಿಲತ್ತದ. ಕೊಡ್ರಿ."

ಕೊಟ್ಟೆ. ನೀರು ಬಿತ್ತು. ದಾಳಿಂಬದ ಬಾವಿಯ ನೀರು ಅಷ್ಟು ತಣ್ಣಗಿರುತ್ತದೆಂದು ನನಗೆ ಈವರೆಗೆ ತಿಳಿದೇ ಇರಲಿಲ್ಲ. ಯಾರೂ ಕಿಸಕ್ಕೆನ್ನಲಿಲ್ಲ. ಶೇವಂತಾಬಾಯಿ ಪ್ರತಿ ಸಲದಂತೆಯೇ ಒದ್ದೆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ನನ್ನ ಕಣ್ಣಿಗೆ ನೀರು ಬಂತು, ತೋರಣ ನೋಡುತ್ತಿದ್ದುದರಿಂದ ಯಾರಿಗೂ ಕಾಣಲಿಲ್ಲ. ಕೆಲಸ ಉಳಿಯಿತು, ಮನೆತನ ಉಳಿಯಿತು ಎಂದು ಒಳಗೆ ಹೋಗಲು ಕಾಲೆತ್ತಿದೆ, ಅಷ್ಟರಲ್ಲಿ ಅಜ್ಜಿಯ ಬೆನ್ನ ಹಿಂದೆ ನಿಂತಿದ್ದ ಮೊಮ್ಮಗಳು, ನಿಲಂಗಾದ ಆ ಗೃಹಸ್ಥನ ಹಾಗೆಯೇ ತಲೆಯಾಡಿಸುತ್ತ, ಅಜ್ಜಿಗೆ ಮಾತ್ರ ಹೇಳುವವಳಂತೆ ಅಂದಳು.

"ಆಯೀ, ಅಯ್ನೋರಿಗಿ ಬರವಲ್ದು ನೋಡು. ಕಲಾವತಿಬಾಯಿ ಚಲೋ ಮಾಡತಾರ."

ಒಳಗೆ ಹೋಗಬೇಕಿತ್ತು. ಮುಹೂರ್ತ ಮೀರುತ್ತಿತ್ತು. ತೊಳೆದ ಪಾದ ಗಾಳಿಯಲ್ಲೇ ಇತ್ತು. ಅದನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡೆ, ಎರಡು ಬೆರಳಲ್ಲಿ ಧೋತರ ಎತ್ತಿದೆ, ಹೊಟ್ಟೆಯನ್ನು ಒಳಗೆ ಎಳೆದುಕೊಂಡೆ, ಮತ್ತು ಇನ್ನೊಮ್ಮೆ ಕೊಟ್ಟೆ.